ಸದ್ದು ಮಾಡದ ರಿವಾಲ್ವರಿನ ವಾರಂಟಿ

ಅನುಮಾನ ಪಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ನೂರು ಮೀಟರ್ ಅಳೆದ ಟೇಪಿನ ಮೇಲೆ ನಂಬಿಕೆಯಿಲ್ಲದೆ ಇನ್ನೊಂದು ಟೇಪು ತಂದು ಅಳೆಯುತ್ತೇನೆ. ಕಾಲುನೋವು ಎಂದು ಮೈದಾನಕ್ಕೆ ಬಾರದ ಮಕ್ಕಳನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ "ಯಾವ ಕಾಲು?" ಎಂದು ಕೇಳುತ್ತೇನೆ, ಎಷ್ಟೋ ನೋವುಗಳು ಊಟದ ಹೊತ್ತಿಗೆ ಎಡಗಾಲಿನಿಂದ ಬಲಗಾಲಿಗೆ ಹೋಗಿರುತ್ತವೆ. ಕಡಬದ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ದೈಹಿಕ ಶಿಕ್ಷಕನಾಗಿ ದುಡಿದವನಿಗೆ ಇಷ್ಟಾದರೂ ಅನುಮಾನ ಬೇಡವೇ? ಮನೆಯಲ್ಲಿ ಮಾತ್ರ ಈ ಗುಣಕ್ಕೆ ಬೆಲೆಯಿಲ್ಲ. "ನಿಮ್ಮನ್ನು ಪೊಲೀಸಿಗೆ ಸೇರಿಸಬೇಕಿತ್ತು" ಎನ್ನುತ್ತಾಳೆ ಹೆಂಡತಿ.

ಪೊಲೀಸನಲ್ಲದಿದ್ದರೂ ನನ್ನ ಬಳಿ ಒಂದು ರಿವಾಲ್ವರ್ ಇದೆ. ಗಾಬರಿ ಬೇಡ. ಓಟ ಶುರು ಮಾಡಿಸಲು ಬಳಸುವ, ಗುಂಡಿಲ್ಲದೆ ಸದ್ದು ಮಾತ್ರ ಮಾಡುವ, ಆರು ಕೇಪು ಹಿಡಿಯುವ ರಿವಾಲ್ವರ್ ಅದು. ಪುತ್ತೂರಿನ ಒಂದು ಆಟದ ಸಾಮಾನಿನ ಅಂಗಡಿಯಿಂದ, ಒಂದು ವರ್ಷದ ವಾರಂಟಿಯ ಸಮೇತ, ಹಳೆಯದರ ಬದಲಿಗೆ ಈ ವರ್ಷ ಶಾಲೆಗೆ ಬಂದದ್ದು. ಅದು ಕೈಕೊಟ್ಟದ್ದು ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಯ ಶಾಲೆಗಳು ನಮ್ಮ ಮೈದಾನದಲ್ಲಿ ಸೇರಿದ್ದ ದಿನ, ಹುಡುಗಿಯರ ನೂರು ಮೀಟರ್ ಫೈನಲಿನಲ್ಲಿ. "ಸೆಟ್" ಎಂದೆ, ಟ್ರಿಗರ್ ಎಳೆದೆ. ಟಿಕ್ ಎಂದಿತು, ಅಷ್ಟೇ. ಏಳು ಹುಡುಗಿಯರು ನಿಂತಲ್ಲೇ ಉಳಿದರು. ನಮ್ಮ ಶಾಲೆಯ ಧನ್ಯಾ ಒಬ್ಬಳೇ ಬಾಣದಂತೆ ಹೊರಟು, ನಾವೆಲ್ಲ ಕೂಗುತ್ತಿದ್ದಂತೆ ಕೊನೆಯ ಗೆರೆಯನ್ನೂ ದಾಟಿಬಿಟ್ಟಳು.

ಸುಳ್ಯದ ಕಡೆಯ ಶಾಲೆಯ ಜಯರಾಮ ಮಾಸ್ಟ್ರು ಶಾಮಿಯಾನದಿಂದ ಎದ್ದು ಬಂದರು. "ಇದೆಂತ ಮಾರಾಯ್ರೆ? ಸದ್ದೇ ಇಲ್ಲದೆ ನಿಮ್ಮ ಹುಡುಗಿಗೆ ಮಾತ್ರ ಹೇಗೆ ಗೊತ್ತಾದ್ದು? ನಿಮ್ಮೊಳಗೆ ಎಂತದೋ ಸನ್ನೆ ಉಂಟು."

"ಸನ್ನೆ ಮಾಡ್ಲಿಕ್ಕೆ ನಾನೆಂತ ಕಳ್ಳನಾ?" ಎಂದು ನಾನೂ ಏರಿಹೋದೆ. ಕೊನೆಗೆ ಸೀಟಿ ಊದಿ ಇನ್ನೊಮ್ಮೆ ಓಡಿಸಿದ್ದಾಯಿತು. ಆಗಲೇ ಒಂದು ಓಟ ಪೂರ್ತಿ ಓಡಿ ಸುಸ್ತಾಗಿದ್ದ ಧನ್ಯಾ ಮೂರನೆಯವಳಾದಳು. ಪದಕವನ್ನು ಕೊರಳಿಗೆ ಹಾಕಿಸಿಕೊಳ್ಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಮುಖ್ಯೋಪಾಧ್ಯಾಯಿನಿ ಮಾತ್ರ ಬಹಳ ಹೊತ್ತು ನೋಡಿದರು.

ನನಗೆ ಅಂಗಡಿಯವರ ಮೇಲೆ ಅನುಮಾನ, ಹಳೆಯ ಮಾಲಿಗೆ ಬಣ್ಣ ಹೊಡೆದು ಕೊಟ್ಟಿದ್ದಾರೆಂದು. ಮರುದಿನವೇ ರಿವಾಲ್ವರನ್ನು ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಪುತ್ತೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು "ಚೀಲದಲ್ಲಿ ಎಂತ ಉಂಟು, ಇಷ್ಟು ಗಟ್ಟಿ ಹಿಡ್ಕೊಂಡಿದ್ದೀರಿ?" ಎಂದು ಕೇಳಿದರು. ಸುಳ್ಳು ಹೇಳಲು ಬಾರದೆ "ರಿವಾಲ್ವರ್" ಎಂದೆ. ಪುತ್ತೂರು ಬರುವವರೆಗೂ ಆ ಸೀಟಿನಲ್ಲಿ ನಾನೊಬ್ಬನೇ.

ಅಂಗಡಿಯ ರಝಾಕ್ ವಾರಂಟಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಕೆಳಗೆ ಬಿದ್ದಿದಾ? ನೀರು ಹೋಗಿದಾ? ಮಕ್ಕಳ ಕೈಗೆ ಕೊಟ್ಟಿದ್ದೀರಾ?" ಎಂದು ಒಂದೊಂದಾಗಿ ಕೇಳಿದರು. ನಾನು ಇಲ್ಲ, ಇಲ್ಲ ಎಂದಷ್ಟೂ ಅವರ ಹುಬ್ಬು ಮೇಲೇರುತ್ತಿತ್ತು. ಆಮೇಲೆ ಕೇಪು ತುಂಬಿಸಿ, ಹಿತ್ತಲಿಗೆ ಹೋಗಿ ಹೊಡೆದರು. ಆರಕ್ಕೆ ಆರೂ ಸಿಡಿದು ಪಕ್ಕದ ಮನೆಯ ನಾಯಿ ಊಳಿಟ್ಟಿತು.

"ನನ್ನ ಹತ್ತಿರ ಸಿಡಿಯುದಿಲ್ಲ" ಎಂದೆ.

"ಹಾಗಾದ್ರೆ ನೀವೇ ಹೊಡೀರಿ, ನೋಡುವ."

ಅವರು ಮತ್ತೆ ಆರು ಕೇಪು ತುಂಬಿಸಿ ಕೊಟ್ಟರು. ಕೈಯೆತ್ತಿ ಎಳೆದೆ. ಟಿಕ್. ಇನ್ನೊಮ್ಮೆ ಎಳೆದೆ. ಟಿಕ್. ಸತ್ಯ ಗೆದ್ದಿತೆಂಬ ಸಂತೋಷದಲ್ಲಿ ತಿರುಗಿದರೆ ರಝಾಕ್ ನನ್ನ ಮುಖವನ್ನೇ ನೋಡುತ್ತಿದ್ದರು.

"ಬೇಜಾರು ಮಾಡ್ಬೇಡಿ ಮಾಸ್ಟ್ರೇ. ನೀವು ಕಣ್ಣು ಗಟ್ಟಿ ಮುಚ್ಚಿ, ಹೆಗಲು ಕುಗ್ಗಿಸಿ, ಅರ್ಧಕ್ಕೇ ಬೆರಳು ಬಿಡ್ತೀರಿ. ಸದ್ದಿಗೆ ಹೆದ್ರಿಕೆಯಾ?"

ಹೆದರಿಕೆಯೇ ಎಂದು ನನ್ನನ್ನು ಯಾರೂ ಅದುವರೆಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಇಷ್ಟು ವರ್ಷ ಹಳೆಯದು ಅದೃಷ್ಟಕ್ಕೆ ಸಿಡಿಯುತ್ತಿತ್ತು ಎಂದು ಕಾಣುತ್ತದೆ. "ಕೆಲವರಿಗೆ ಹಾಗೆ ಆಗ್ತದೆ. ಆದರೆ ಅದಕ್ಕೆ ವಾರಂಟಿ ಇಲ್ಲ" ಎಂದು ರಝಾಕ್ ಬಹಳ ಮರ್ಯಾದೆಯಿಂದ ಟವೆಲು ಸುತ್ತಿ ಕೊಟ್ಟರು.

ಸೋಮವಾರ ಧನ್ಯಾಳನ್ನು ಮೈದಾನದ ಬದಿಗೆ ಕರೆದೆ. ಒಂಬತ್ತನೆಯ ತರಗತಿಯ ಹುಡುಗಿಯೆದುರು ತಪ್ಪೊಪ್ಪಿಕೊಳ್ಳಲು ನನಗೆ ಎರಡು ಸಲ ಕೆಮ್ಮಬೇಕಾಯಿತು. "ರಿವಾಲ್ವರ್ ಸರಿಯೇ ಉಂಟು. ತಪ್ಪು ನನ್ನದು. ನಾನು ಕಣ್ಣು ಮುಚ್ಚುದಂತೆ."

"ಅದು ನಮಗೆಲ್ಲ ಗೊತ್ತುಂಟು ಸಾರ್" ಎಂದಳು ಅವಳು, ಹೊಸ ವಿಷಯವೇನಲ್ಲ ಎಂಬಂತೆ. "ನಾವು ಸದ್ದಿಗೆ ಕಾಯುದೇ ಇಲ್ಲ. ಓರೆಗಣ್ಣಲ್ಲಿ ನಿಮ್ಮನ್ನೇ ನೋಡುದು. ನಿಮ್ಮ ಕಣ್ಣು ಮುಚ್ಚಿದ ಕೂಡ್ಲೇ ಓಡುದು. ದೊಡ್ಡ ಅಕ್ಕಂದಿರು ಹೇಳಿಕೊಟ್ಟದ್ದು."

ನಮ್ಮ ಶಾಲೆಯ ಕಪಾಟಿನಲ್ಲಿ ನನ್ನ ತರಬೇತಿಯ ಹೆಸರಿನಲ್ಲಿ ಸಾಲಾಗಿ ನಿಂತಿರುವ ಟ್ರೋಫಿಗಳನ್ನು ಅಂದಿನಿಂದ ನಾನು ನೇರವಾಗಿ ನೋಡಿಲ್ಲ. ಜಯರಾಮ ಮಾಸ್ಟ್ರಿಗೆ ಫೋನು ಮಾಡಿ ಹೇಳಬೇಕೆಂದು ಮೂರು ಸಲ ನಂಬರು ಒತ್ತಿ ಮೂರು ಸಲವೂ ಅರ್ಧಕ್ಕೇ ಬಿಟ್ಟೆ. ಸದ್ಯಕ್ಕೆ ಒಂದು ಕಪ್ಪು ಕನ್ನಡಕ ಕೊಂಡಿದ್ದೇನೆ. ಬಿಸಿಲಿಗೆ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.