ಪದ್ಮಾಳ ತೀರ್ಪು, ನನ್ನ ಪಪ್ಪುಚಾರು

ನನ್ನ ಹೆಂಡತಿ ಪದ್ಮಾ ಎಂಟು ದಿನಕ್ಕೆಂದು ಮಗಳ ಮನೆಗೆ ವಿಶಾಖಪಟ್ಟಣಕ್ಕೆ ಹೋದವಳು, ನಲವತ್ತೇಳು ದಿನವಾದರೂ ವಾಪಸು ಬರಲಿಲ್ಲ. ಜಗಳವಾಡಿ ಹೋಗಿದ್ದರೆ ಕೈಕಾಲು ಹಿಡಿದು ಕರೆತರಬಹುದಿತ್ತು (ಅಭ್ಯಾಸವಿದೆ). ಆದರೆ ಅವಳು ನಗುನಗುತ್ತಾ ಹೋಗಿ, ಅಲ್ಲಿ ಪ್ರಸಿದ್ಧಳಾಗಿಬಿಟ್ಟಿದ್ದಳು. ಪ್ರಸಿದ್ಧಿಗೆ ಬಂದ ಹೆಂಡತಿಯನ್ನು ವಾಪಸು ಕರೆಸಿಕೊಳ್ಳುವ ವಿಧಾನದ ಬಗ್ಗೆ ನಮ್ಮ ಬ್ಯಾಂಕಿನ ಯಾವ ಸುತ್ತೋಲೆಯಲ್ಲೂ ಒಂದು ಸಾಲಿಲ್ಲ.

ನಾನು ಚಂದ್ರಮೌಳಿ, ತುಮಕೂರಿನವನು. ವರ್ಗಾವಣೆಯ ಮೇಲೆ ಬಂದು ವಿಜಯವಾಡದ ಪಟಮಟದಲ್ಲಿದ್ದೇನೆ. ಮಗಳು ಹರಿಣಿಗೆ ವಿಶಾಖಪಟ್ಟಣದ ಮಧುರವಾಡದಲ್ಲಿ ಸಾಫ್ಟ್‌ವೇರ್ ಕೆಲಸ. ಬಿಡುವಿನಲ್ಲಿ ಹೊಸದಾಗಿ ಬಿಡುಗಡೆಯಾದ ವಿಡಿಯೋ ಗೇಮುಗಳನ್ನು ಆಡಿ, ಯೂಟ್ಯೂಬಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ತೀರ್ಪು ಹೇಳುತ್ತಾಳೆ. ಒಂದು ದಿನ ಅವಳು ಯಾವುದೋ ಯುದ್ಧದ ಗೇಮಿನಲ್ಲಿ ಮುಳುಗಿದ್ದಾಗ, ಹಿಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಪದ್ಮಾ, "ಇಷ್ಟು ಜನ ಬೆಳಗ್ಗಿಂದ ಹೊಡೆದಾಡ್ತಿದಾರಲ್ಲೇ, ಒಬ್ರಾದ್ರೂ ಊಟ ಮಾಡಿದ್ರಾ?" ಎಂದು ಕೇಳಿದಳಂತೆ. ಆ ಮಾತು ವಿಡಿಯೋದಲ್ಲಿ ಸೇರಿಕೊಂಡು ಎಲ್ಲರ ಫೋನಿನಲ್ಲೂ ಹರಿದಾಡಿತು. ಅಂದಿನಿಂದ ಆ ಚಾನೆಲ್ಲಿನ ಸರ್ವೋಚ್ಚ ನ್ಯಾಯಪೀಠ ನನ್ನ ಹೆಂಡತಿಯದು.

ಬೇರೆ ವಿಮರ್ಶಕರು ಹತ್ತಕ್ಕೆ ಏಳು, ಎಂಟೂವರೆ ಎಂದು ಅಂಕ ಹಾಕುತ್ತಾರೆ. ಪದ್ಮಾಳದು ಮದುವೆ ಊಟ ಮುಗಿಸಿ ಬಂದವರ ಅಳತೆ. "ಆಯ್ತು" ಎಂದರೆ ಗೇಮಿನ ಕಥೆ ಮುಗಿಯಿತು. "ಪರವಾಗಿಲ್ಲ" ಎಂದರೆ ಹೇಗೋ ಬದುಕಿಕೊಂಡಿತು. "ಚೆನ್ನಾಗಿದೆ" ಎನ್ನುವುದು ಹಬ್ಬಕ್ಕೊಮ್ಮೆ. ಎಲ್ಲಕ್ಕಿಂತ ಮೇಲಿನ ತೀರ್ಪು, "ಇದನ್ನ ಹೇಗೆ ಮಾಡಿದ್ರು?" ಎಂದು ಕೇಳುವುದು. ಅದು ಯಾವ ಗೇಮಿಗೂ ಸಿಕ್ಕಿರಲಿಲ್ಲ. ನನಗೂ ಸಿಕ್ಕಿಲ್ಲ ಬಿಡಿ. ಇಪ್ಪತ್ತೇಳು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಒಳಮನೆಯಿಂದ ನನ್ನ ಬಗ್ಗೆ ಬಂದ ತೀರ್ಪು "ಪರವಾಗಿಲ್ಲ". ಇವತ್ತಿಗೂ ಅದೇ ಜಾರಿಯಲ್ಲಿದೆ.

"ಯಾವಾಗ ಬರ್ತೀಯೆ?" ಎಂದು ದಿನಾ ಫೋನ್ ಮಾಡುತ್ತಿದ್ದೆ.

"ಹೇಗೆ ಮಾಡಿದ್ರು ಅಂತ ಕೇಳೋ ಹಂಗಿರೋ ಒಂದೇ ಒಂದು ಗೇಮ್ ಸಿಗ್ಲಿ ಕಣ್ರೀ, ಮಾರನೇ ದಿನಾನೇ ರೈಲು ಹತ್ತೀನಿ. ಊಟಕ್ಕೇನು ಮಾಡ್ತಿದೀರ?"

"ಕೆಳಗಿನ ಮನೆ ಅನ್ನಪೂರ್ಣಮ್ಮನ ಕ್ಯಾರಿಯರ್. ದಿನಾ ಪಪ್ಪುಚಾರು. ಅತ್ಲಾಗೆ ಸಾರೂ ಅಲ್ಲ, ಇತ್ಲಾಗೆ ಹುಳೀನೂ ಅಲ್ಲ."

"ಪಾಪ" ಎಂದು ಫೋನ್ ಇಡುತ್ತಿದ್ದಳು.

ಕೊನೆಗೆ, ಜ್ವರವೆಂದು ಮ್ಯಾನೇಜರ್ ಉಮಾಪತಿಯವರಿಗೆ ರಜೆ ಅರ್ಜಿ ಕಳಿಸಿ, ಶನಿವಾರ ಬೆಳಿಗ್ಗೆ ವಿಶಾಖಪಟ್ಟಣದ ರೈಲು ಹತ್ತಿದೆ. ಕಿಟಕಿಯ ಗಾಳಿಗೆ ಕಣ್ಣು ಎಳೆಯುತ್ತಿತ್ತು. ರಾಜಮಂಡ್ರಿಯಲ್ಲಿ ಗೋದಾವರಿ ದಾಟುವಾಗ ಅರೆನಿದ್ದೆಯಲ್ಲಿ ನೋಡುತ್ತೇನೆ, ನಮ್ಮ ಪಟಮಟದ ಮನೆ ನೀರಿನ ಮೇಲೆ ಮೆಲ್ಲಗೆ ತೇಲಿ ಹೋಗುತ್ತಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಾ ನಿಂತ ಪದ್ಮಾ, "ಒದ್ದೆ ಟವೆಲ್ ಎಲ್ಲಿ ಬಿಸಾಕಿದ್ರಿ?" ಎಂದು ಗದರುತ್ತಿದ್ದಾಳೆ. ಎಂಥ ಸುಖದ ಕನಸು! ಸೇತುವೆ ಮುಗಿಯದಿರಲಿ ಎಂದು ಬೇಡಿಕೊಂಡೆ.

ಮಧುರವಾಡ ತಲುಪಿದಾಗ ಹರಿಣಿ ನೇರ ಪ್ರಸಾರದ ತಯಾರಿಯಲ್ಲಿದ್ದಳು.

"ಅಪ್ಪಾ, ಕರೆಕ್ಟ್ ಟೈಮ್‌ಗೆ ಬಂದ್ರಿ! 'ಸಂಜೆ ದೋಣಿ' ಅಂತ, ಈ ವಾರ ರಿಲೀಸ್ ಆಯ್ತು. ಇಬ್ರು ಆಡಬೇಕು, ಒಬ್ಬೊಬ್ರಿಗೆ ಒಂದೊಂದು ಹುಟ್ಟು. ನಾನು ಕ್ಯಾಮೆರಾ ನೋಡ್ಕೋತೀನಿ, ನೀವೂ ಅಮ್ಮಾನೂ ಕೂತ್ಕೊಳ್ಳಿ."

ದೊಡ್ಡ ವಿಮರ್ಶಕರೆಲ್ಲ ಆ ಗೇಮಿಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದರಂತೆ. ಕಾರಣ, ಅದರಲ್ಲಿ ಏನೂ ಆಗುವುದಿಲ್ಲ. ನಾಲ್ಕಂಕದ ಗೇಮನ್ನು ನೆಚ್ಚಿಕೊಂಡು ಹೆಂಡತಿಯನ್ನು ಬಿಡಿಸಿಕೊಂಡು ಹೋಗುವುದು ಹೇಗೆ? ಆದರೂ ದೇವರನ್ನು ನೆನೆದು ಹರಿಣಿ ಕೈಗಿತ್ತ ರಿಮೋಟಿನಂಥದರ ಗುಂಡಿ ಒತ್ತಿದೆ. ದೋಣಿ ಇದ್ದಲ್ಲೇ ಗಿರಗಿರನೆ ಸುತ್ತಿತು.

"ರೀ, ಒಬ್ಬರೇ ಯಾಕೆ ಒತ್ತಿ ಸಾಯ್ತೀರ? ನನ್ನ ಜೊತೆಗೆ ಹಾಕಿ."

"ನೀನೇ ನಿಧಾನ."

"ನಾನು ನಿಧಾನಾನಾ? ಇಪ್ಪತ್ತೇಳು ವರ್ಷದಿಂದ ಮದುವೆ ಮನೆಗೆ ಹೊರಡೋವಾಗ ಗೇಟ್ ಹತ್ರ ಕಾಯ್ತಾ ನಿಂತಿರೋದು ಯಾರು?"

ಕಾಲು ಗಂಟೆ ಕಿತ್ತಾಡಿದೆವು. ಆಮೇಲೆ ಅದು ಹೇಗೋ, ಅವಳ ಹುಟ್ಟು ಏಳುವಾಗ ನನ್ನದೂ ಏಳತೊಡಗಿತು. ದೋಣಿ ನೆಟ್ಟಗೆ ಹೊರಟಿತು. ಟಿವಿಯ ತುಂಬ ಕಿತ್ತಳೆ ಬಣ್ಣದ ನೀರು, ದೂರದಲ್ಲಿ ಒಂದೊಂದಾಗಿ ಹತ್ತುವ ದೀಪ, ಹುಟ್ಟಿನ ಚಳಕ್ ಚಳಕ್ ಸದ್ದು. ಶತ್ರುವಿಲ್ಲ, ಗುರಿಯಿಲ್ಲ, ಮಾರ್ಚ್ ಮೂವತ್ತೊಂದಿಲ್ಲ. ಕೂತಿದ್ದು ಸೋಫಾದ ಮೇಲೆ ಎನ್ನುವುದು ಮರೆತುಹೋಯಿತು. ಪಕ್ಕದಲ್ಲಿ ಪದ್ಮಾಳ ಭುಜ ತಾಗುತ್ತಿತ್ತು, ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು.

"ಪದ್ಮಾ, ನಿನ್ನ ಹಳೇ ಚಪ್ಪಲಿ ಬಾಗಿಲಲ್ಲೇ ಇಟ್ಟಿದೀನಿ ಕಣೆ" ಎಂದೆ. "ಯಾರಾದ್ರೂ ಬಂದ್ರೆ ನೀನು ಒಳಗಿದ್ದೀಯ ಅಂದ್ಕೊಳ್ಲಿ ಅಂತ. ಸಂಜೆ ನಾನೇ ಬಂದು ನೋಡಿ, ನೀನಿದ್ದೀಯ ಅಂದ್ಕೊಂಡ್ಬಿಡ್ತೀನಿ."

ಅವಳು ಹುಟ್ಟು ಹಾಕುತ್ತಲೇ ಇದ್ದಳು. ನಾನು ಒಳಗಿರುವುದನ್ನೆಲ್ಲ ಕಕ್ಕಿದೆ.

"ಉಪ್ಪಿನಕಾಯಿ ಭರಣಿ ಒಡೆದದ್ದು ಬೆಕ್ಕಲ್ಲ, ನಾನು. ಆ ಅನ್ನಪೂರ್ಣಮ್ಮನ ಪಪ್ಪುಚಾರು ಗೋಡೆಗೆ ಬಳಿಯೋಕೆ ಲಾಯಕ್ಕು. ಜ್ವರ ಅಂತ ಸುಳ್ಳು ಹೇಳಿ ಬಂದಿದೀನಿ. ಬಾ, ಹೋಗೋಣ."

ದೋಣಿ ದಡ ಮುಟ್ಟಿತು. ಪದ್ಮಾ ಸೆರಗಿನಿಂದ ಕಣ್ಣೊರೆಸಿಕೊಂಡು, ಪರದೆಯನ್ನೇ ದಿಟ್ಟಿಸುತ್ತಾ ಹೇಳಿದಳು:

"ಇದನ್ನ ಹೇಗೆ ಮಾಡಿದ್ರು?"

ನಾನು ಕುಣಿದುಬಿಟ್ಟೆ! ಕುಣಿಯುತ್ತಾ ತಿರುಗಿದಾಗ ಕ್ಯಾಮೆರಾದ ಕೆಂಪು ದೀಪ ಕಾಣಿಸಿತು. ಹರಿಣಿಯ ಮುಖ ಅದಕ್ಕಿಂತ ಕೆಂಪಗಿತ್ತು. ನಾಲ್ಕು ಸಾವಿರ ಜನ ನೋಡುತ್ತಿದ್ದರು. ಕಮೆಂಟುಗಳ ನಡುವೆ ಒಂದು ಹೀಗಿತ್ತು: "ಚಂದ್ರಮೌಳಿಗಾರು, ಜ್ವರ ಹೇಗಿದೆ? ಇಂತಿ ಉಮಾಪತಿ."

ಹೋಗಲಿ, ಮಾನ ಹೋದರೂ ಹೆಂಡತಿ ಸಿಕ್ಕಳಲ್ಲ. "ಹಂಗಾದ್ರೆ ನಾನು?" ಎಂದು ಆಸೆಯಿಂದ ಕೇಳಿದೆ.

ಪದ್ಮಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪರವಾಗಿಲ್ಲ" ಎಂದಳು.

ಮಾತಿಗೆ ತಪ್ಪದೆ ಮಾರನೆಯ ದಿನವೇ ನನ್ನ ಜೊತೆ ರೈಲು ಹತ್ತಿದಳು. ಹರಿಣಿ ಟಿವಿಗೆ ಸಿಕ್ಕಿಸಿ ಆ ಗೇಮು ಆಡುವ ಪೆಟ್ಟಿಗೆಯನ್ನೂ ಚೀಲಕ್ಕೆ ತುರುಕಿದ್ದಳು. ದಾರಿಯುದ್ದಕ್ಕೂ ನಾನು ಹುಳಿ, ಗೊಜ್ಜು, ಹುರುಳಿಕಾಯಿ ಪಲ್ಯಗಳ ಕನಸು ಕಂಡೆ. ಪಟಮಟದ ಮನೆ ಬಾಗಿಲಲ್ಲಿ ಪದ್ಮಾಳ ಚಪ್ಪಲಿ ಇತ್ತು. ಅದರ ಪಕ್ಕದಲ್ಲಿ ಕ್ಯಾರಿಯರ್ ಇತ್ತು. ಅದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ತೆಲುಗಿನಲ್ಲಿ ಒಂದೇ ಪದ: "ಗೋಡಕಿ". ಅಂದರೆ, ಗೋಡೆಗೆ. ಅನ್ನಪೂರ್ಣಮ್ಮನೂ ಆ ನಾಲ್ಕು ಸಾವಿರದಲ್ಲಿ ಒಬ್ಬರಾಗಿದ್ದರು.

"ಅಯ್ಯೋ, ಎಷ್ಟು ಬೇಜಾರು ಮಾಡ್ಕೊಂಡಿದಾರೋ!" ಎನ್ನುತ್ತಾ ಪದ್ಮಾ ಒಳಗೆ ಬಂದು ಮುಚ್ಚಳ ತೆಗೆದಳು. ಬೆರಳದ್ದಿ ಪಪ್ಪುಚಾರಿನ ರುಚಿ ನೋಡಿದಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ಬೆರಳದ್ದಿದಳು.

"ರೀ, ಇದನ್ನಾ ನೀವು ಗೋಡೆಗೆ ಬಳಿಯೋದು ಅಂದಿದ್ದು?"

"ಹೂಂ, ಯಾಕೆ?"

"ಇದನ್ನ ಹೇಗೆ ಮಾಡಿದ್ರು?"

ನಲವತ್ತೇಳು ದಿನ ನಾನು ಬೈದುಕೊಂಡು ನುಂಗಿದ್ದಕ್ಕೆ ಆ ತೀರ್ಪು! ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅದೇ ಹಳೇ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತಿದ್ದಳು. "ಅನ್ನಪೂರ್ಣಮ್ಮನ್ನ ಕೇಳ್ಕೊಂಡು ಬರ್ತೀನಿ. ಎಂಟೇ ನಿಮಿಷ ಕಣ್ರೀ!"

ಎರಡು ಗಂಟೆಯಾಯಿತು. ಕೆಳಗಿನಿಂದ ಇಬ್ಬರೂ ನಗುವುದು ಕೇಳಿಸುತ್ತಿದೆ. ಬಾಗಿಲಲ್ಲಿ ಈಗ ಚಪ್ಪಲಿಯೂ ಇಲ್ಲ. ನಾನು ಟಿವಿಯ ಮುಂದೆ ಕೂತು ನನ್ನ ಪಾಲಿನ ಒಂದೇ ಹುಟ್ಟು ಹಾಕುತ್ತಿದ್ದೇನೆ. ದೋಣಿ ಇದ್ದಲ್ಲೇ ಸುತ್ತುತ್ತಿದೆ.