ಪುಕ್ಕಟೆ ತೆಗೆಸಿದ ಹಳೆಯ ಸಾಫ್ಟ್‌ವೇರ್

ಹದಿನೆಂಟು ಸಾವಿರ ಕೇಳಿದ್ದ, ಹದಿನಾಲ್ಕಕ್ಕೆ ಇಳಿಸಿದೆ. ಮದುವೆ ವಿಡಿಯೊ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರಿನ ಹೊಸ ವರ್ಷನ್ನಿಗೆ ನಾನು ಕೊಟ್ಟ ಬೆಲೆ ಇದು. ಯಾಕೆ ಕೊಂಡೆ ಎಂದು ಊರಲ್ಲಿ ಯಾರಾದರೂ ಕೇಳಿದರೆ ಕಾಲ ಬದಲಾಗಿದೆ, ಗಿರಾಕಿಗಳ ರುಚಿ ಬದಲಾಗಿದೆ, ನಾವೂ ಬದಲಾಗಬೇಕು ಎಂದು ಹೇಳುತ್ತೇನೆ. ನೀವು ಶಹಾಪುರದವರಲ್ಲ ಎಂಬ ಧೈರ್ಯದ ಮೇಲೆ ನಿಮಗಷ್ಟೇ ನಿಜ ಹೇಳುತ್ತೇನೆ: ಹೊಟ್ಟೆಕಿಚ್ಚಿಗೆ ಕೊಂಡೆ.

ಈ ಹೊಟ್ಟೆಕಿಚ್ಚಿಗೆ ಹೆಸರೂ ಇದೆ, ಅಂಗಡಿಯೂ ಇದೆ. ಸುರಪುರದ ಸಂಗಣ್ಣ ಮತ್ತು ನಾನು ಹರೆಯದಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಮದುವೆಗಳಲ್ಲಿ ಲೈಟು ಹಿಡಿದವರು. ಆಮೇಲೆ ಒಂದೇ ವರ್ಷ ಇಬ್ಬರೂ ಸ್ವಂತ ಸ್ಟುಡಿಯೋ ತೆರೆದೆವು. ನಾನು ಅವನಿಗಿಂತ ಮೊದಲು ಡ್ರೋನ್ ತಂದೆ. ವನದುರ್ಗದ ಕೋಟೆಯ ಮೇಲೆ ಮದುಮಕ್ಕಳನ್ನು ನಿಲ್ಲಿಸಿ ಮದುವೆಗೆ ಮುಂಚಿನ ವಿಡಿಯೊ ತೆಗೆದವನು ಈ ಭಾಗದಲ್ಲಿ ನಾನೇ ಮೊದಲಿಗ. ಯಾರೂ ಒಪ್ಪದಿದ್ದರೂ ಇದು ಸತ್ಯ. ಹೀಗಿರುವಾಗ ಹೋದ ಚಳಿಗಾಲದಲ್ಲಿ ಕಕ್ಕೇರಾದ ನೆಂಟರ ಮನೆಗೆ ಹೋಗಿದ್ದೆ. ಅಲ್ಲಿ ಸಂಗಣ್ಣ ಮಾಡಿದ ವಿಡಿಯೊ ಹಾಕಿದ್ದರು. ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ, ನಾನು ಅಲ್ಲೇ ಕೂತಿರುವುದು ಗೊತ್ತಿದ್ದೂ ಅಂದಳು, “ಸಂಗಣ್ಣನ ವಿಡಿಯೊದಾಗ ಎಲ್ಲಾರ ಮಾರಿ ಬೆಳಗ್ತಾವ ನೋಡ್ರಿ. ಮಲ್ಲಣ್ಣನ ವಿಡಿಯೊದಾಗ ನಾವೆಲ್ಲ ಹೊಲದಿಂದ ಈಗ ಬಂದಂಗ ಕಾಣ್ತೀವಿ.”

ನಾನು ನಕ್ಕೆ. ಹಲ್ಲು ಮಾತ್ರ ನಕ್ಕವು. ಮುಖಗಳು ನಿಜಕ್ಕೂ ಬೆಳಗುತ್ತಿದ್ದವು. ವರನ ಸೋದರಮಾವನನ್ನು ನಾನು ಚಿಕ್ಕಂದಿನಿಂದ ಬಲ್ಲೆ, ಆ ಮುಖ ಬೆಳಗುವಂಥದ್ದಲ್ಲ. ಅಂಥದ್ದೂ ಬೆಳಗುತ್ತಿದೆ ಎಂದರೆ ಇದು ಮನುಷ್ಯನ ಕೈಚಳಕವಲ್ಲ, ಸಂಗಣ್ಣ ಯಾವುದೋ ಹೊಸ ಸಾಫ್ಟ್‌ವೇರ್ ತಂದಿದ್ದಾನೆ ಎಂದು ತೀರ್ಮಾನಿಸಿದೆ. ಮರುದಿನವೇ ನನ್ನ ಕಂಪ್ಯೂಟರ್ ಹೊತ್ತುಕೊಂಡು ಯಾದಗಿರಿಯ ಕಂಪ್ಯೂಟರ್ ಅಂಗಡಿಯಲ್ಲಿದ್ದೆ.

ಚೌಕಾಸಿ ನನ್ನ ವಿದ್ಯೆ. ಹದಿನಾಲ್ಕಕ್ಕೆ ಇಳಿಸಿದ ಮೇಲೂ ಸಮಾಧಾನವಾಗಲಿಲ್ಲ. ಅಂಗಡಿಯವನ ಚೀಟಿಯಲ್ಲಿ ‘ಹಳೆಯ ವರ್ಷನ್ ತೆಗೆದು ಸ್ವಚ್ಛ ಮಾಡುವುದು: ಐದುನೂರು’ ಎಂದಿತ್ತು. ಪಾಪ, ಅವನು ಹಳೆಯದನ್ನು ಹಾಗೇ ಬಿಡೋಣ, ಒಂದರ ಪಕ್ಕ ಒಂದು ಇರಲಿ, ಐದುನೂರು ಉಳಿಯುತ್ತದೆ ಎಂದ. ಐದುನೂರು ಉಳಿಸುವ ನೆಪದಲ್ಲಿ ಇವನು ಕೆಲಸವನ್ನೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ಹೊಳೆಯಿತು. ಅದೆಲ್ಲ ನಡೆಯುವುದಿಲ್ಲ, ತೆಗೆಯಲೇಬೇಕು, ಅದೂ ಪುಕ್ಕಟೆ ತೆಗೆಯಬೇಕು ಎಂದು ಪಟ್ಟು ಹಿಡಿದೆ. ಅರ್ಧ ತಾಸು ವಾದ ಮಾಡಿ ಗೆದ್ದೆ. ಅವನು ನನ್ನ ಕಣ್ಣೆದುರಿಗೇ ಹಳೆಯದನ್ನು ಬೇರುಸಹಿತ ಕಿತ್ತ. ನಾನು ಚಹಾ ಕುಡಿಯುತ್ತ ನೋಡಿದೆ. ಚಹಾ ಕೂಡ ಅವನದೇ.

ಆಗ ನನ್ನ ಕೈಯಲ್ಲಿದ್ದದ್ದು ದೋರನಹಳ್ಳಿಯ ಶರಣಪ್ಪಗೌಡರ ಹಿರಿಮಗಳ ಮದುವೆ ವಿಡಿಯೊ. ಗುರುವಾರ ಕಕ್ಕೇರಾದ ಬೀಗರು ಮಗಳನ್ನು ಕರೆದೊಯ್ಯಲು ಬರುವವರಿದ್ದರು. ಆ ದಿನ ಊಟಕ್ಕೆ ಮುಂಚೆ ಎರಡೂ ಕಡೆಯವರು ಕೂತು ವಿಡಿಯೊ ನೋಡುವುದೆಂದು ನಿಶ್ಚಯವಾಗಿತ್ತು. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ತಾಳಿ ಕಟ್ಟುವುದನ್ನು ಯಾರೂ ಅಷ್ಟು ನೋಡುವುದಿಲ್ಲ, ಅದು ಆಗಿಯೇ ಆಗಿದೆ. ನೆಂಟರು ಉಡುಗೊರೆ ಕೊಡುವ ಆಯೇರಿಯನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಾರೆ: ಯಾರು ಸೀರೆ ತಂದರು, ಯಾರು ಬರೇ ಟವೆಲ್ ಹೊದಿಸಿದರು, ಮೈಕಿನಲ್ಲಿ ಯಾರ ಹೆಸರು ಮೊದಲು ಕೂಗಿದರು. ಒಬ್ಬ ಸೋದರತ್ತೆಯ ಆಯೇರಿ ಕಾಣದೇ ಹೋದರೆ ಮೂರು ವರ್ಷ ಮಾತು ಬಂದ್. ಗೌಡರ ಕಿರಿಮಗಳಿಗೂ ಗಂಡು ಗೊತ್ತಾಗಿತ್ತು. ಈ ವಿಡಿಯೊ ನೋಡಿ ಆ ಮದುವೆಯ ಕೆಲಸ ಯಾರಿಗೆಂದು ಹೇಳುತ್ತೇನೆ ಎಂದಿದ್ದರು ಗೌಡರು. ನನಗಲ್ಲದಿದ್ದರೆ ಯಾರಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಹೊಸ ವರ್ಷನ್ ತೆರೆದು ಕೂತೆ. ಅದು ಮೊದಲು ನನ್ನ ಗುಲಾಬಿಗಳನ್ನು ನುಂಗಿತು. ಗುಲಾಬಿ ಅರಳಿ ಒಳಗಿಂದ ಮದುಮಗಳ ಮುಖ ಬರುವುದು, ಎರಡು ಪಾರಿವಾಳ ಹಾರಿ ಬಂದು ಹೆಸರು ಬಿಡಿಸುವುದು, ಹೀಗೆ ಹನ್ನೆರಡು ವರ್ಷ ಕೂಡಿಟ್ಟ ಆಸ್ತಿಯ ಜಾಗದಲ್ಲೆಲ್ಲ ಕೆಂಪು ಚೌಕ ನಿಂತಿತು. ಆಮೇಲೆ ಹೆಸರು ಟೈಪಿಸಿದರೆ ಒತ್ತಕ್ಷರಗಳು ಜಗಳವಾಡಿದವರಂತೆ ಬೇರೆ ಬೇರೆ ಕೂತವು. ಅದನ್ನೂ ಸಹಿಸಿದೆ. ಆದರೆ ಧ್ವನಿ ಹಿಂದೆ ಬೀಳತೊಡಗಿತು. ಮೊದಲು ಎವೆ ಮಿಟುಕಿಸುವಷ್ಟು, ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಅರ್ಧ ನಿಮಿಷ. ಸ್ವಾಮಿಗಳು ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ, ಜನ ತಾವೇ ಅಕ್ಕಿಕಾಳು ಒಗೆದು ಮುಗಿಸಿ ಊಟಕ್ಕೆ ಓಡುತ್ತಿದ್ದಾರೆ, ಆಗ ಖಾಲಿ ಕುರ್ಚಿಗಳಿಗೆ ಮಂಗಳಾಷ್ಟಕ ಕೇಳಿಸುತ್ತದೆ. ಆಯೇರಿಗೆ ಬಂದರೆ ಬೀಗರೆಲ್ಲ ಹಸಿರು ಬಣ್ಣಕ್ಕೆ ತಿರುಗಿ, ಸಾಫ್ಟ್‌ವೇರ್ ತಾನೇ ಮುಚ್ಚಿಕೊಳ್ಳುತ್ತಿತ್ತು. ಮುಚ್ಚುವ ಮುಂಚೆ ಭಾಳ ವಿನಯದಿಂದ, ಈ ತೊಂದರೆಯ ಬಗ್ಗೆ ನಮಗೆ ತಿಳಿಸುವಿರಾ ಎಂದು ಕೇಳುತ್ತಿತ್ತು. ತಿಳಿಸಿದೆ. ನಮ್ಮ ಭಾಷೆಯಲ್ಲಿ, ಅವರ ತಾಯಿ-ತಂದೆಯನ್ನೂ ನೆನೆದು ತಿಳಿಸಿದೆ. ಅವರ ಪುಣ್ಯ, ಅರ್ಥವಾಗಿರಲಿಕ್ಕಿಲ್ಲ.

ಯಾದಗಿರಿಗೆ ಫೋನ್ ಮಾಡಿ ಹಳೆಯದನ್ನೇ ಮತ್ತೆ ಹಾಕಿಕೊಡು ಎಂದೆ. “ಅದು ಈಗ ಎಲ್ಲೂ ಸಿಗಂಗಿಲ್ರಿ ಮಲ್ಲಣ್ಣಾರ,” ಎಂದ ಅಂಗಡಿಯವನು. “ನಾ ಇರಲಿ ಅಂದೆ. ನೀವ ಪುಕ್ಕಟ ತಗೀಬೇಕು ಅಂತ ಹಟ ಹಿಡದ್ರಿ.” ಗೆದ್ದ ಚೌಕಾಸಿಯನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ಯಾವ ಬಜಾರಿನಲ್ಲೂ ಇಲ್ಲ.

ಮಂಗಳವಾರ ಬೆಳಿಗ್ಗೆ ನನ್ನ ಹೆಂಡತಿ ಸುವರ್ಣಾ ತಾಟಿನಲ್ಲಿ ಹಾಗೇ ಉಳಿದ ರೊಟ್ಟಿ ನೋಡಿ, “ಸಂಗಣ್ಣನ ವಿಡಿಯೊ ನೋಡಿ ಬಂದ ದಿವಸದಿಂದ ನಿಮಗ ಉಣ್ಣೂದು ಸೇರವಲ್ದು. ಅವನ ಕಡಿನೇ ಹೋಗ್ರಿ. ಕೆಲಸನೂ ಆಗ್ತದ, ಹೊಟ್ಟಿನೂ ತಣ್ಣಗಾಗ್ತದ,” ಎಂದಳು. ಕೆಲಸ ಆಗುತ್ತದೆಂಬುದು ನನಗೂ ಗೊತ್ತಿತ್ತು. ಅದೇ ನನ್ನ ಸಂಕಟವಾಗಿತ್ತು.

ಸಂಗಣ್ಣ ನನ್ನನ್ನು ನೋಡಿ ಏಕೆ ಬಂದೆ ಎಂದು ಕೇಳಲಿಲ್ಲ. ಕುರ್ಚಿ ಒರೆಸಿದ, ಚಹಾ ತರಿಸಿದ. ಹೇಳಿದ್ದನ್ನೆಲ್ಲ ಕೇಳಿ ತನ್ನ ಕಂಪ್ಯೂಟರ್ ಬಿಟ್ಟುಕೊಟ್ಟ. ಅದರಲ್ಲಿ ಇದ್ದದ್ದೇನು ಗೊತ್ತೆ? ನಾನು ಪುಕ್ಕಟೆ ಕೀಳಿಸಿದ ಅದೇ ಹಳೆಯ ವರ್ಷನ್. ಅವೇ ಗುಲಾಬಿ, ಅವೇ ಪಾರಿವಾಳ. ಹಾಗಾದರೆ ಮುಖಗಳು ಬೆಳಗುವುದು ಹೇಗೆ ಎಂದು ತಡೆಯಲಾಗದೆ ಕೇಳಿಯೇಬಿಟ್ಟೆ. ಅವನು ಮೂಲೆಗೆ ಒರಗಿಸಿದ್ದ ಬಿಳಿ ಥರ್ಮಾಕೋಲ್ ಹಾಳೆಯ ಕಡೆ ಕೈ ಮಾಡಿದ.

“ಟಿವಿ ಡಬ್ಬಿದಾಗ ಬಂದಿತ್ತು. ಮಾರಿ ಮುಂದ ಹಿಡದ್ರ ಬೆಳಕು ತಿರುಗಿ ಮಾರಿ ಮ್ಯಾಲೆ ಬೀಳ್ತದ. ಉಸ್ತಾದ್ ಬಿಳಿ ಲುಂಗಿ ಹಿಡಿಸ್ತಿದ್ದನಲ್ಲೋ, ಮರ್ತಿ ಏನು?”

ಲುಂಗಿಯ ಒಂದು ತುದಿ ಹಿಡಿದು ನಿಲ್ಲುತ್ತಿದ್ದವನೇ ನಾನು. ಮರೆತಿದ್ದೆ.

ಹೊಸದರಲ್ಲಿ ಮಾಡಿದ ಕೆಲಸವನ್ನು ಹಳೆಯದು ಗುರುತಿಸುವುದಿಲ್ಲವಾದ್ದರಿಂದ ಮೊದಲಿನಿಂದ ಜೋಡಿಸಬೇಕಾಯಿತು. ಎರಡು ದಿನ ಅವನ ಕುರ್ಚಿಯಲ್ಲಿ ಕೂತೆ. ಅವನು ತನ್ನ ಕೆಲಸ ನಿಲ್ಲಿಸಿ ಬಾಗಿಲ ಬಳಿ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಕೂತ. ಆ ಎರಡು ದಿನದಲ್ಲಿ ಅವನನ್ನು ಕೇಳಿಕೊಂಡು ಬಂದ ಗಿರಾಕಿಗಳ ಲೆಕ್ಕ ನಾನು ಇಡಲಿಲ್ಲ. ಒಂಬತ್ತು ಜನ. ಮುಗಿದ ಮೇಲೆ ಎಷ್ಟು ಕೊಡಲಿ ಎಂದೆ. ಒಂದು ಬೆಲೆ ಹೇಳಲಿ, ಅರ್ಧಕ್ಕೆ ಇಳಿಸಿ ಕೊಟ್ಟು ತಲೆಯೆತ್ತಿ ಹೊರಡೋಣ ಎಂದಿದ್ದೆ. ಅವನು, “ಇರಲಿ ತಗಿಯೋ. ನಾಳಿ ನನ್ನ ಮಷೀನ್ ಕೆಟ್ರ ನಿನ್ನ ಕಡಿನೇ ಬರ್ತೀನಿ,” ಎಂದುಬಿಟ್ಟ. ಏನೂ ಕೇಳದವನ ಜೊತೆ ಚೌಕಾಸಿ ಮಾಡುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. ಅವನ ಮಷೀನು ಬೇಗ ಕೆಡಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಋಣ ತೀರಿಸುವ ಸದುದ್ದೇಶದಿಂದ ಮಾತ್ರ.

ಗುರುವಾರ ದೋರನಹಳ್ಳಿಯಲ್ಲಿ ಎಲ್ಲರೂ ನೋಡಿದರು. ಮಂಗಳಾಷ್ಟಕದ ಹೊತ್ತಿಗೇ ಅಕ್ಕಿಕಾಳು ಬಿದ್ದವು. ಆಯೇರಿಯಲ್ಲಿ ಒಬ್ಬ ಸೋದರತ್ತೆಯೂ ತಪ್ಪಲಿಲ್ಲ, ಯಾರೂ ಹಸಿರಾಗಲಿಲ್ಲ. ಗೌಡರು ನನ್ನ ಬೆನ್ನ ಮೇಲೆ ಕೈಯಿಟ್ಟು, ಕಿರಿಮಗಳ ಮದುವೆಯೂ ನಿನ್ನದೇ ಎಂದರು. ಹಿಗ್ಗಿನಿಂದ ನಮಸ್ಕಾರ ಮಾಡುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು. “ಭಾಳ ಚಲೋ ಬಂದದ ಮಲ್ಲಣ್ಣ. ಥೇಟ್ ಸಂಗಣ್ಣ ಮಾಡಿದಂಗ ಆಗ್ಯದ.”

ಈಗ ನಿಮಗೆ ನಾಲ್ಕು ಹಿತವಚನ, ಹಣ ಕೊಟ್ಟು ಕಲಿತದ್ದು. ಮದುವೆಯ ಸೀಜನ್ನಿನಲ್ಲಿ ಯಾವ ಸಾಫ್ಟ್‌ವೇರನ್ನೂ ಬದಲಿಸಬೇಡಿ. ಬದಲಿಸುವುದಿದ್ದರೆ ಮುಹೂರ್ತವಿಲ್ಲದ ತಿಂಗಳು ನೋಡಿ ಮಾಡಿ. ಹೊಸದು ಒಂದಿಡೀ ಮದುವೆ ದಾಟಿಸುವ ತನಕ ಹಳೆಯದರ ಮೈ ಮುಟ್ಟಬೇಡಿ. ಅಂಗಡಿಯವನು ತಾನಾಗಿ ಖರ್ಚು ಉಳಿಸಿಕೊಡುತ್ತೇನೆಂದರೆ ಒಮ್ಮೊಮ್ಮೆ ನಂಬಿ, ಎಲ್ಲರೂ ನಮ್ಮಂಥವರಲ್ಲ. ಕೊನೆಯದಾಗಿ, ನಿಮ್ಮ ಮನೆಯಲ್ಲಿ ಮದುವೆಯಿದ್ದರೆ ನೇರವಾಗಿ ಶಹಾಪುರಕ್ಕೆ ನನ್ನಲ್ಲಿಗೆ ಬನ್ನಿ, ದರ ಕೂತು ಮಾತಾಡೋಣ. ಸುಮ್ಮನೆ ಸುರಪುರದ ತನಕ ಹೋಗಬೇಡಿ, ರಸ್ತೆ ಸರಿಯಿಲ್ಲ. ನಾನು ವಾರಕ್ಕೆರಡು ಸಲ ಹೋಗುತ್ತೇನಲ್ಲ, ನನಗೆ ಗೊತ್ತು.