ಪೆಟ್ಟಿಗೆ ಬಂತು, ಜನ ಹೋದರು

ಕೊಡೆ ಕೊಂಡ ದಿನವೇ ಮಳೆ ನಿಲ್ಲುವ ಯೋಗ ನನ್ನದು. ಅದೂ ದಿನಾ ಮಧ್ಯಾಹ್ನ ಮಳೆ ಸುರಿಯುವ ಕ್ವಾಲಾಲಂಪುರದಲ್ಲಿ! ಆದ್ದರಿಂದ ನಾನು ಡಿಜೆ ಪೆಟ್ಟಿಗೆ ಕೊಂಡ ವಾರವೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನನ್ನ ಹೆಂಡತಿಗೆ ಆಶ್ಚರ್ಯವಾಗಲಿಲ್ಲ. ಇಂಥವು ಆಮೇಲೂ ಆಗುತ್ತಲೇ ಬಂದವು. ಹೇಳುವಾಗ ನಗು ಬರುತ್ತದೆ, ಹೇಳಿ ಮುಗಿಸಿದ ಮೇಲೆ ಅಷ್ಟು ಬರುವುದಿಲ್ಲ.

ನಲವತ್ತು ಕಾಲಮ್ಮಿನ ಎಕ್ಸೆಲ್ಲು

ನಾನು ಮೈಸೂರಿನವನು, ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಮನೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ತಪ್ಪು ಹುಡುಕುವುದಕ್ಕೇ ಸಂಬಳ. ನನ್ನ ಜೊತೆಗಾರ ಹುಬ್ಬಳ್ಳಿಯವರು, ಬೇರೆ ರಾಜ್ಯದ ನಿಲಾಯ್‌ನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು, ನಾನೂ ಅಷ್ಟೆ. ಇಬ್ಬರಿಗೂ ಹಾಡಿನ ಹುಚ್ಚು. ನಮ್ಮ ಕನ್ನಡ ಸಂಘದ ಸಂಕ್ರಾಂತಿಗೆ ನಾವೇ ಡಿಜೆ ಆಗುವುದೆಂದು ಮಾತಾಯಿತು.

ಮೇಷ್ಟ್ರ ಹತ್ತಿರ ಒಂದು ಪುಟ್ಟ ಹಳೆಯ ಕಂಟ್ರೋಲರ್ ಇತ್ತು. ಅಂದರೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪೆಟ್ಟಿಗೆ: ಮೇಲೆ ತಿರುಗಿಸುವ ಎರಡು ತಟ್ಟೆ, ನಡುವೆ ಒಂದಷ್ಟು ಬಟನ್ನು. "ಇದು ಸಾಲತೈತಿ" ಅಂದರು ಅವರು.

ನಾನು ಒಪ್ಪಲಿಲ್ಲ. "ತಟ್ಟೆ ಚಿಕ್ಕದು ಮೇಷ್ಟ್ರೇ. ಸಾಫ್ಟ್‌ವೇರೂ ಹಳೇದು. ಮಧ್ಯದಲ್ಲಿ ಕೈಕೊಟ್ರೆ ಮರ್ಯಾದೆ ಏನಾಗ್ಬೇಕು?"

ಎಕ್ಸೆಲ್ ತೆರೆದೆ. ಯಾವ ಕಂಟ್ರೋಲರ್, ಯಾವ ಸಾಫ್ಟ್‌ವೇರ್, ಯಾವ ಹೆಡ್‌ಫೋನ್, ನಲವತ್ತು ಕಾಲಮ್ಮು. ವಾರವಾರ ಮಾಮಾಕ್, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಚಹಾ ಅಂಗಡಿಯಲ್ಲಿ ಚಹಾ ಮುಂದಿಟ್ಟುಕೊಂಡು ಅಂಕ ಹಾಕುತ್ತಿದ್ದೆವು. ಲೋಟದಿಂದ ಲೋಟಕ್ಕೆ ಚಹಾ ಎಳೆಯುವವನು ಒಮ್ಮೆ ಕೇಳಿಯೇಬಿಟ್ಟ, ನಿಮ್ಮಿಬ್ಬರದು ಯಾವ ಪರೀಕ್ಷೆ, ಯಾವಾಗ ಮುಗಿಯುತ್ತೆ ಅಂತ.

ಮೇಷ್ಟ್ರು ಒಂದು ದಿನ ಮೆಲ್ಲಗೆ ಅಂದರು: "ದೋಸ್ತ, ನಂಗ ದೊಡ್ಡ ಮಷೀನ್ ಬ್ಯಾಡೋ. ಊರಿಗೆ ಹೋಗೂದ್ರಾಗ ಒಮ್ಮೆ ಮಂದಿ ಮುಂದ ಹಾಡ ಹಚ್ಚಬೇಕು, ಅವ್ರು ಕುಣ್ಯೂದ ನೋಡಬೇಕು. ಅಷ್ಟ."

"ಸರಿಯಾಗೇ ಮಾಡೋಣ ಮೇಷ್ಟ್ರೇ" ಅಂದೆ. ಅಷ್ಟರಲ್ಲಿ ಸಂಕ್ರಾಂತಿ ಬಂತು, ಹೋಯಿತು. ಸಂಘದ ಖಜಾಂಚಿ ತನ್ನ ಮೊಬೈಲಿನಿಂದಲೇ ಹಾಡು ಹಾಕಿದರು, ಇನ್ನೂರು ಜನ ಬೆವರು ಸುರಿಸಿ ಕುಣಿದರು. ಮೇಷ್ಟ್ರು ಸುಮ್ಮನೆ ನೋಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ನಿಂತು ಅವರ ಕಿವಿಯಲ್ಲಿ ಅಂದೆ: "ನೋಡಿದ್ರಾ, ಬೇಸ್ ಸರಿಯಾಗಿ ಬರ್ತಾನೇ ಇಲ್ಲ."

ಮೊದಲ ಪ್ರೋಗ್ರಾಮು

ಮಾರ್ಚಿನಲ್ಲಿ ಹೊಸ ಪೆಟ್ಟಿಗೆ ಬಂತು. ಅದರ ಹಿಂದೆಯೇ ಎಂಸಿಒ ಬಂತು. ಲಾಕ್‌ಡೌನಿಗೆ ಇಲ್ಲಿ ಹಾಗೆನ್ನುತ್ತಾರೆ. ಮೇಷ್ಟ್ರು ನಿಲಾಯ್‌ನಲ್ಲಿ, ನಾನು ಕ್ವಾಲಾಲಂಪುರದಲ್ಲಿ. ನಡುವೆ ರಾಜ್ಯದ ಗಡಿ, ಗಡಿಯಲ್ಲಿ ಪೊಲೀಸರು.

ಯುಗಾದಿಯನ್ನು ಸಂಘದವರು ವಿಡಿಯೊ ಕರೆಯಲ್ಲೇ ಮಾಡಿದರು. ಸಾಮಾನು ನನ್ನಲ್ಲಿದ್ದ ಕಾರಣ ಡಿಜೆ ನಾನೊಬ್ಬನೇ, ಮೇಷ್ಟ್ರು ಪ್ರೇಕ್ಷಕರು. ಜುಬ್ಬಾ ಹಾಕಿ, ಹೆಡ್‌ಫೋನ್ ಏರಿಸಿ ಶುರು ಮಾಡಿದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ದಾಟಿದೆ. ಪರದೆಯ ಮೇಲೆ ಇಪ್ಪತ್ತು ಮನೆಯವರು ಕುಣಿಯುತ್ತಿದ್ದರು. ನನ್ನ ಕಣ್ಣಲ್ಲಿ ನೀರೇ ಬಂತು.

ಮುಗಿದ ತಕ್ಷಣ ಮೇಷ್ಟ್ರ ಫೋನು. "ಭಾಳ ಚಲೋ ಕುಣದಿ ದೋಸ್ತ. ಹಾಡ ಯಾವುದಿತ್ತು?"

"ಅಂದ್ರೆ?"

"ಏನೂ ಕೇಳಲಿಲ್ಲಪಾ. ನಲವತ್ತು ನಿಮಿಷ ನೀ ಒಬ್ಬಾವನ ತಲಿ ಅಲ್ಲಾಡಸಾಕತ್ತಿದ್ದಿ."

ಸದ್ದು ನನ್ನ ಹೆಡ್‌ಫೋನಿಗೆ ಮಾತ್ರ ಹೋಗಿತ್ತು, ಕರೆಗೆ ಹೋಗಿರಲೇ ಇಲ್ಲ. ಹಾಗಾದರೆ ಜನ ಕುಣಿದದ್ದು ಹೇಗೆ? ವಿಚಾರಿಸಿದೆ. ಕೆಟ್ಟಿರುವುದು ತಮ್ಮ ಮನೆಯ ಸ್ಪೀಕರ್ ಎಂದೇ ಪ್ರತಿಯೊಬ್ಬರೂ ತಿಳಿದಿದ್ದರು. ಪರದೆಯಲ್ಲಿ ಪಕ್ಕದ ಚೌಕದವರು ಕುಣಿಯುತ್ತಿದ್ದಾರಲ್ಲ, ನಾವು ಕೂತರೆ ಚೆನ್ನಾಗಿರುವುದಿಲ್ಲ ಅಂತ ಎದ್ದು ಕುಣಿದಿದ್ದರು.

ಮರುದಿನ ಸಂಘದ ಅಧ್ಯಕ್ಷರ ಹೆಂಡತಿಯಿಂದ ಮೆಸೇಜು: "ಹಿಂದಿನ ಪ್ರೋಗ್ರಾಮಿಗಿಂತ ಈ ಸಲ ಸೌಂಡ್ ತುಂಬಾ ಕ್ಲಿಯರ್ ಆಗಿತ್ತು."

ತಪ್ಪು ಯಾರದು

ಹೆಡ್‌ಫೋನಿನ ವೈರು ಸಾರಿನ ಪಾತ್ರೆಗೆ ಸಿಕ್ಕಿ, ಸಾರು ಹೊಸ ಸೋಫಾದ ಪಾಲಾಯಿತು. "ಒಂದೋ ಈ ವೈರು ಇರಬೇಕು, ಇಲ್ಲ ನಾನು" ಅಂದಳು ಹೆಂಡತಿ. ಅಡುಗೆ ಮಾಡುವವಳು ಅವಳಾದ್ದರಿಂದ ವೈರಿಲ್ಲದ ಹೆಡ್‌ಫೋನ್ ತರಿಸಿದೆ.

ಅಲ್ಲಿಂದ ತಾಳವೇ ಕೂಡಲಿಲ್ಲ. ಎರಡು ಹಾಡು ಸೇರಿಸಹೋದರೆ ಒಂದರ ಕಾಲು ಇನ್ನೊಂದು ತುಳಿಯುತ್ತಿತ್ತು. ರೆಕಾರ್ಡ್ ಮಾಡಿ ಮೇಷ್ಟ್ರಿಗೆ ಕಳಿಸಿದೆ. "ಎರಡೂ ಹಾಡಿಗೆ ಮಾತು ಬಿಟ್ಟಂಗ ಐತಿ" ಎಂದು ಉತ್ತರ ಬಂತು.

ಟೆಸ್ಟರ್ ಅಲ್ಲವೇ ನಾನು? ತಪ್ಪು ಸಾಫ್ಟ್‌ವೇರಿನದು ಎಂದು ಷರಾ ಬರೆದೆ, ಅದನ್ನು ತೆಗೆದು ಬೇರೆಯದು ಹಾಕಿದೆ. ಸರಿಹೋಗಲಿಲ್ಲ. ಮೂರನೆಯದು ಹಾಕಿದೆ. ಈ ಭರಾಟೆಯಲ್ಲಿ ಮೇಷ್ಟ್ರು ಮಾಡಿಟ್ಟ ಕೆಲಸವೆಲ್ಲ ಅಳಿಸಿಹೋಯಿತು. ಆನ್‌ಲೈನ್ ಕ್ಲಾಸುಗಳ ಬಿಡುವಿನಲ್ಲಿ ಕೂತು, ಯಾವ ಹಾಡು ಎಲ್ಲಿಂದ ಎತ್ತಬೇಕು, ಎಲ್ಲಿ ಬಿಡಬೇಕು ಎಂದು ನಾನೂರು ಹಾಡಿಗೆ ಗುರುತು ಹಾಕಿ ಕಳಿಸಿದ್ದರು, ಪಾಪ. ಅದಕ್ಕೊಂದು ನಕಲು ಇಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹದಿನಾಲ್ಕು ವರ್ಷದ ಮಗಳು ನೂಡಲ್ಸ್ ತಿನ್ನುತ್ತಾ ಹಿಂದೆ ನಿಂತು ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಅಪ್ಪಾ, ಬ್ಲೂಟೂತ್ ಈಸ್ ಆಲ್ವೇಸ್ ಲೇಟ್ ಲಾ. ಎವ್ರಿಬಡಿ ನೋಸ್."

ಹೌದು, ವೈರಿಲ್ಲದ ಹೆಡ್‌ಫೋನಿಗೆ ಸದ್ದು ಒಂದು ಚೂರು ತಡವಾಗಿ ತಲುಪುತ್ತದಂತೆ; ಅದನ್ನು ಕೇಳಿ ಕೂಡಿಸಿದ ತಾಳ ಹೊರಗೆ ತಪ್ಪುತ್ತದೆ. ನನ್ನ ನಲವತ್ತು ಕಾಲಮ್ಮಿನಲ್ಲಿ ಹೆಡ್‌ಫೋನಿನ ಬಣ್ಣಕ್ಕೂ ಒಂದು ಕಾಲಮ್ ಇತ್ತು, ಇದಕ್ಕೆ ಇರಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿ ಒಪ್ಪಿಸಿದೆ. ಅವರು ಅಂದರು: "ಇರ್ಲಿ ಬಿಡು, ಮತ್ತ ಬರಿತೀನಿ. ನಿನ್ನ ತಿದ್ದೂದಕ್ಕಿಂತ ಅದ ಸರಳ ಐತಿ."

ಒಬ್ಬರೂ ಏಳಬಾರದು

ಎರಡನೆಯ ವರ್ಷದ ಕೊನೆಗೆ ಗಡಿ ತೆರೆಯಿತು. ಆ ಹೊತ್ತಿಗೆ ಮೇಷ್ಟ್ರ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಇರಲಿಲ್ಲ, ಅವರ ಕೆಲಸ ಮುಂದುವರಿಸಲಿಲ್ಲ. ಊರಿಗೆ ಹೊರಟರು. ವಿಮಾನ ಬುಧವಾರ. ಅದರ ಹಿಂದಿನ ಭಾನುವಾರವೇ ನಮ್ಮ ಮನೆ ಹತ್ತಿರದ ಬಾಂಗ್ಸಾರಿನ ಒಂದು ಸಭಾಂಗಣದಲ್ಲಿ ಸಂಘದ ರಾಜ್ಯೋತ್ಸವ. ಡಿಜೆ ನಾವಿಬ್ಬರು, ಎದುರಿಗೆ ನಿಜವಾದ ಜನ! ನಾನು ಇಲ್ಲದ ಪ್ರಭಾವವನ್ನೆಲ್ಲ ಬಳಸಿ ಅವಕಾಶ ಗಿಟ್ಟಿಸಿದ್ದೆ.

ಸಭಾಂಗಣಕ್ಕೆ ಹೋದ ಮೇಲೆ ಕಾರ್ಯದರ್ಶಿ ಪಕ್ಕಕ್ಕೆ ಕರೆದರು. "ಕುರ್ಚಿಗಳ ಮಧ್ಯೆ ಒಂದು ಮೀಟರ್. ಎಲ್ಲರೂ ಕೂತೇ ಇರ್ಬೇಕು. ಡ್ಯಾನ್ಸ್ ಮಾಡಂಗಿಲ್ಲ, ಎಸ್ಒಪಿ, ಕೋವಿಡ್ ರೂಲ್ಸು."

"ಸರ್, ನಾವು ಡಿಜೆ ಅಲ್ವಾ?"

"ಹೌದು, ಹಾಕಿ. ಚೆನ್ನಾಗೇ ಹಾಕಿ. ಆದ್ರೆ ಯಾರಿಗೂ ಏಳ್ಬೇಕು ಅನ್ನಿಸ್ಬಾರದು."

ಕೇಳಿದ್ದೀರಾ ಇಂಥ ಷರತ್ತು? ಊಟ ಬಡಿಸಿ, ಆದರೆ ಯಾರಿಗೂ ಹಸಿವಾಗಬಾರದು ಅಂದ ಹಾಗೆ. ಕಾವಲಿಗೆ ಹಳದಿ ಪಟ್ಟಿ ತೊಟ್ಟ ಸ್ವಯಂಸೇವಕರೊಬ್ಬರು ಬೇರೆ. ಮೊದಲ ಹಾಡಿಗೆ ಮೂರನೇ ಸಾಲಿನವರ ಪಾದ ಕುಟ್ಟತೊಡಗಿತು; ಹಳದಿ ಪಟ್ಟಿಯವರು ಓಡಿ ಬಂದು ನಮಗೆ "ಸ್ವಲ್ಪ ತಣ್ಣಗಾಗ್ಲಿ" ಅಂದರು. ತಣ್ಣಗೆ ಮಾಡಿದೆವು. ಎರಡನೆಯದಕ್ಕೆ ಭುಜಗಳು ಅಲ್ಲಾಡಿದವು, ಮತ್ತೆ ಬಂದರು. ಅರ್ಧ ಗಂಟೆಯಲ್ಲಿ ನಾವು ಜೋಗುಳದ ಹತ್ತಿರ ಬಂದು ನಿಂತಿದ್ದೆವು.

ಮೇಷ್ಟ್ರು ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಜನರನ್ನೇ ನೋಡುತ್ತಿದ್ದರು. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಎರಡು ವರ್ಷದ ಹಿಂದೆ ಅವರ ಆ ಪುಟ್ಟ ಪೆಟ್ಟಿಗೆಗೆ ನಾನು ಹೂಂ ಅಂದಿದ್ದರೆ ಇನ್ನೂರು ಜನ ಅವರ ಹಾಡಿಗೆ ಕುಣಿದಿರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಕೊನೇ ಹಾಡು ನಿಮ್ಮಿಷ್ಟದ್ದು ಹಾಕಿ. ಬೈದ್ರೆ ನನಗೆ ಬೈಲಿ" ಅಂದೆ.

ಅವರು ಡೊಳ್ಳಿನ ಸದ್ದಿನ ಒಂದು ಹಾಡು ಹಚ್ಚಿದರು. ಜನ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತರು. ಮುಂದಿನ ಸಾಲಿನ ತುದಿಯಲ್ಲಿ ಗಾಲಿ ಕುರ್ಚಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಮಗಳ ಬಾಣಂತನಕ್ಕೆ ಬೆಂಗಳೂರಿನಿಂದ ಬಂದು, ವಿಮಾನ ನಿಂತು, ಎರಡು ವರ್ಷ ಇಲ್ಲೇ ಉಳಿದು, ಈ ನಡುವೆ ಕಾಲು ಸೋತವರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ ಗಾಲಿ ಹಿಡಿದು ತಾಳಕ್ಕೆ ಸರಿಯಾಗಿ ಹಿಂದೆ, ಮುಂದೆ, ಆಮೇಲೆ ಗರ್ರನೆ ಒಂದು ಸುತ್ತು!

ಹಳದಿ ಪಟ್ಟಿಯವರು ಓಡಿದರು. "ಅಜ್ಜಿ, ಅಜ್ಜಿ, ಕೂತೇ ಇರ್ಬೇಕು!"

"ಕೂತೇ ಇದೀನಲ್ಲಪ್ಪ" ಅಂದರು ಅಜ್ಜಿ, ಗಾಲಿ ನಿಲ್ಲಿಸದೆ. "ನಾನು ಎದ್ದು ನಿಂತಿದ್ರೆ ನನ್ನ ಮಗಳು ಇಷ್ಟೊತ್ತಿಗೆ ಹರಕೆ ತೀರಿಸೋಕೆ ಮುರುಗನ ಗುಡಿಗೆ ಓಡಿರ್ತಿದ್ಳು."

ಹಳದಿ ಪಟ್ಟಿಯವರು ಕೈಯಲ್ಲಿದ್ದ ನಿಯಮದ ಹಾಳೆ ಎರಡೂ ಕಡೆ ತಿರುಗಿಸಿ ನೋಡಿದರು. ಗಾಲಿಯ ವಿಚಾರ ಎಲ್ಲೂ ಇರಲಿಲ್ಲ. ಮೇಷ್ಟ್ರು ಆ ನಾಲ್ಕು ನಿಮಿಷದ ಹಾಡನ್ನು ಸುತ್ತಿ ಸುತ್ತಿ ಹನ್ನೊಂದು ನಿಮಿಷ ಮಾಡಿದರು, ಅಜ್ಜಿ ಹನ್ನೊಂದು ನಿಮಿಷವೂ ಕುಣಿದರು. ಹೆಡ್‌ಫೋನ್ ತೆಗೆದಿಟ್ಟು ಮೇಷ್ಟ್ರು ಕಣ್ಣೊರೆಸಿಕೊಂಡು, "ಒಬ್ಬಾಕಿ ಕುಣದ್ಳು ದೋಸ್ತ" ಅಂದರು. ಆಗಲೇ ನಾನು ಕ್ಷಮೆ ಕೇಳಬೇಕಿತ್ತು. ವೈರು ಸುತ್ತುತ್ತಾ ನಿಂತೆ.

ಕಾರ್ಯದರ್ಶಿ ಸಂಭ್ರಮದಿಂದ ಓಡಿ ಬಂದರು. "ಎಂಬತ್ತು ಜನರಲ್ಲಿ ಒಬ್ಬರೂ ಏಳ್ಲಿಲ್ಲ ನೋಡಿ! ನಾನು ಎಷ್ಟೋ ಡಿಜೆಗಳನ್ನ ನೋಡಿದೀನಿ, ಇಷ್ಟು ಶಿಸ್ತಾಗಿ ಮಾಡಿದವರು ಯಾರೂ ಇಲ್ಲ. ಮುಂದಿನ ವರ್ಷನೂ ನೀವಿಬ್ಬರೇ ಬರ್ಬೇಕು!"

ಬುಧವಾರ ಹೊರಡಲಿದ್ದ ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಕಾರ್ಯದರ್ಶಿಗೆ ಕೈ ಮುಗಿದು ಹೇಳಿದರು: "ಆಗ್ಲಿರೀ. ಅಜ್ಜಿ ಬರ್ತಾರೇನು ಕೇಳ್ರಿ."